ಸುಗುಣಕ್ಕ ಅಳಿಸಿದ ಮೇಲ್‌ಗಳು

ಅಂಕೋಲೆಯ ಸುಗುಣಕ್ಕನಿಗೆ ಗಂಡನ ಪ್ರೀತಿ ಸಿಕ್ಕಿದ್ದು ಇಮೇಲಿನಲ್ಲಿ...

ನಗಬೇಡಿ! ಗಂಡ ಹೊನ್ನಪ್ಪ ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದವನು. ಎದುರಿಗೆ ಕೂತರೆ "ಊಟ ಆಯ್ತಾ, ಕರೆಂಟ್ ಬಂತಾ" ಬಿಟ್ಟು ಬೇರೆ ಮಾತಿಲ್ಲ. ಸಮುದ್ರಕ್ಕೆ ಹೋದ ಮೇಲೆ ಮಾತ್ರ ಬರೆಯುತ್ತಿದ್ದ ನೋಡಿ, ಪುಟಗಟ್ಟಲೆ!

ರಿಟೈರ್ ಆಗಿ ಮನೆಗೆ ಬಂದ. ಮೇಲ್ ನಿಂತಿತು, ಮಾತು ಶುರುವಾಗಲಿಲ್ಲ. ಸುಗುಣಕ್ಕ ಹಳೆಯ ಮೇಲ್‌ಗಳನ್ನೇ ಓದಿಕೊಂಡು ಸಮಾಧಾನ ಪಡುತ್ತಿದ್ದಳು.

ಹೊಸ ಫೋನ್ ತಂದಾಗ ಅಂಗಡಿಯವನು ಹೇಳಿದ. "ಅಕ್ಕ, ಮೇಲ್ ಇಟ್ಕೊಳ್ಳೋಕೆ ಎರಡು ದಾರಿ ಅದೆ. ಪಾಪ್ ಅಂದ್ರೆ ಮೇಲ್‌ಗಳೆಲ್ಲ ನಿಮ್ಮ ಕಂಪ್ಯೂಟರಿಗೆ ಇಳಿದು ಅಲ್ಲೇ ಉಳೀತದೆ. ಐಮ್ಯಾಪ್ ಅಂದ್ರೆ ಮೇಲ್ ಕಂಪನಿಯ ಸರ್ವರ್‌ನಲ್ಲಿ ಇರ್ತದೆ, ಫೋನಲ್ಲೂ ನೋಡ್ಬಹುದು, ಕಂಪ್ಯೂಟರಲ್ಲೂ ನೋಡ್ಬಹುದು. ಆದ್ರೆ ಒಂದು ಕಡೆ ಅಳಿಸಿದ್ರೆ ಎಲ್ಲಾ ಕಡೆ ಹೋಗ್ತದೆ, ಹುಷಾರು."

"ಕಂಪ್ಯೂಟರಿಗೇ ಇಳಿಸ್ಕೊ" ಅಂದ ಹೊನ್ನಪ್ಪ.

"ಅಡುಗೆಮನೇಲೂ ಓದೋಕೆ ಬೇಕಲ್ರೀ!" ಸುಗುಣಕ್ಕ ಐಮ್ಯಾಪೇ ಮಾಡಿಸಿಕೊಂಡಳು. ಹುಷಾರು ಅಂದದ್ದು ಕಿವಿಗೇ ಬೀಳಲಿಲ್ಲ.

ಒಂದು ದಿನ ಫೋನು ಜಾಗ ಇಲ್ಲ ಅಂತು. ಫೋನಿನದಷ್ಟೇ ಹೋಗುತ್ತದೆ, ಕಂಪ್ಯೂಟರಿನಲ್ಲಿ ಇರುತ್ತದಲ್ಲ ಅಂದುಕೊಂಡು ಎಲ್ಲ ಮೇಲ್ ಅಳಿಸಿದಳು. ಟ್ರ್ಯಾಶನ್ನೂ ಗುಡಿಸಿ ಹಾಕಿದಳು. ಮೊದಲಿಂದಲೂ ಅಚ್ಚುಕಟ್ಟು ಹೆಂಗಸು!

ಸಂಜೆ ಕಂಪ್ಯೂಟರ್ ತೆರೆದರೆ... ಒಂದೂ ಇಲ್ಲ.

ಅಂಗಡಿಯವನೂ ಕೈಚೆಲ್ಲಿದ. ಹೊನ್ನಪ್ಪ ಬರೆಯುತ್ತಿದ್ದ ಕಂಪನಿಯ ಅಕೌಂಟ್ ರಿಟೈರ್ ಆದಾಗಲೇ ಬಂದ್ ಆಗಿತ್ತು, ಅಲ್ಲಿಯೂ ಪ್ರತಿ ಸಿಗುವಂತಿರಲಿಲ್ಲ.

ಸುಗುಣಕ್ಕ ಬಿಕ್ಕಿ ಬಿಕ್ಕಿ ಅತ್ತಳು.

"ಎಂತಕ್ಕೆ ಅಳೋದು ಮಾರಾಯ್ತಿ? ಬರೆದವ ಇಲ್ಲೇ ಇದ್ದೇನಲ್ಲ!"

"ಇದ್ದೀರಿ... ಆದ್ರೆ ನಿಮಗೆ ನನ್ನ ಮೇಲೆ ಪ್ರೀತಿ ಅದೆ ಅಂತ ನಂಬೋಕೆ ನಂಗೆ ಅದೊಂದೇ ಇತ್ತು."

ಹೊನ್ನಪ್ಪ ಎದ್ದು ಜಗಲಿಗೆ ಹೋದ.

ಮರುದಿನ ಬೆಳಿಗ್ಗೆ ಅವಳು ಬಂಗಡೆ ಮೀನು ತೊಳೆಯುತ್ತಿದ್ದಾಗ ಫೋನ್ ಟಿಣ್ ಅಂತು. ಹೊಸ ಮೇಲ್... ಹೊನ್ನಪ್ಪನದು! ಅವನು ಕೂತಿದ್ದದ್ದೋ, ಅಲ್ಲೇ ಜಗಲಿಯ ಮೇಲೆ!

"ಸುಗುಣಾ, ಹಡಗಿನಲ್ಲಿ ನಿನ್ನ ಮೀನುಸಾರು ನೆನೆದು ಊಟ ಬಿಟ್ಟು ಎದ್ದದ್ದುಂಟು. ಈಗ ದಿನವೂ ಎದುರಿಗೇ ಬಡಿಸುತ್ತೀ, ನಾನು ಪೇಪರ್ ಓದುತ್ತಾ ತಿಂದು ಏಳುತ್ತೇನೆ. ತಪ್ಪು ನನ್ನದು. ಇನ್ನು ದಿನಾ ಬರೆಯುತ್ತೇನೆ. ಇದನ್ನಾದರೂ ಕಂಪ್ಯೂಟರಿಗೆ ಇಳಿಸಿಟ್ಟುಕೋ."

ಸುಗುಣಕ್ಕ ಜಗಲಿಗೆ ಬಂದು ನಿಂತಳು.

"ಇಳಿಸೋದೂ ಬೇಡ, ಸರ್ವರ್ ಕೂಡ ಬೇಡ... ಇದನ್ನೇ ಬಾಯಿಬಿಟ್ಟು ಹೇಳಿ, ನೋಡುವಾ!"

ಹೊನ್ನಪ್ಪ ಕಿವಿ ಕೆರೆದುಕೊಂಡ. ನೆಲ ನೋಡಿದ. ಕೊನೆಗೆ ಹೇಗೋ ಬಾಯಿ ತೆರೆದ.

"ಸಾರು... ಭಾರೀ ಚಲೋ ಅದೆ."

"ಇನ್ನೂ ಒಲೆ ಮೇಲೇ ಇಟ್ಟಿಲ್ಲಲ್ರೀ!"

"ಇವತ್ತಿನದ್ದಲ್ಲ ಮಾರಾಯ್ತಿ... ಇಷ್ಟು ವರ್ಷದ್ದು..."

ಸುಗುಣಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಮೀನು ತೊಳೆದ ಕೈ ಅನ್ನುವುದನ್ನೂ ಮರೆತು ಗಂಡನ ಕೈ ಹಿಡಿದುಕೊಂಡಳು.

ಪ್ರೀತಿಯ ಮಾತನ್ನು ಎಲ್ಲಿ ಉಳಿಸಿಡಬೇಕು ಅನ್ನುವುದಕ್ಕಿಂತ, ಎದುರಿಗೆ ಇರುವಾಗಲೇ ಬಾಯಿಬಿಟ್ಟು ಹೇಳುವುದು ದೊಡ್ಡದು.

ಇವತ್ತು ನಿಮ್ಮ ಮನೆಯ ಊಟ ಹೇಗಿತ್ತು... ಬಡಿಸಿದವರಿಗೆ ಹೇಳಿದಿರಾ?