ಕರ್ಕಿಡಕದ ಸೊಪ್ಪು

ನುಗ್ಗೆಸೊಪ್ಪಿನ ಪಲ್ಯದ ತಟ್ಟೆಯತ್ತ ಒಂದು ಕೈಯೂ ಚಾಚಲಿಲ್ಲ. ಕೇರಳದ ತುಂಬಾ ಎಂಬ ಕಡಲತಡಿಯ ಊರಿನ ಅಂಗನವಾಡಿಯಲ್ಲಿ ಕುಳಿತಿದ್ದ ಮೀನುಗಾರರ ಮನೆಯ ಹನ್ನೆರಡು ಹೆಂಗಸರು ಸೌದಾಮಿನಿಯ ಮುಖವನ್ನೇ ನೋಡುತ್ತಿದ್ದರು. ಕೊಚ್ಚಿಯ ಕಚೇರಿಯಿಂದ ಬಂದ ಗಣೇಶಪ್ರಸಾದರ ಪೆನ್ನು 'ತಿಂದವರು' ಎಂಬ ಅಂಕಣದ ಮೇಲೆ ಕಾದು ನಿಂತಿತ್ತು. ಅದು ಬರಿದಾಗಿ ಉಳಿದರೆ, ಅವಳು ಒಂಬತ್ತು ವರ್ಷಗಳಿಂದ ನಡೆಸುತ್ತಿದ್ದ ಪೋಷಣೆಯ ತರಗತಿಗೆ ಇನ್ನು ಅನುದಾನವಿಲ್ಲ.

"ಟೀಚರೇ, ಈ ಮಳೆಗಾಲದ ಕರ್ಕಿಡಕ ತಿಂಗಳಲ್ಲಿ ಯಾರಾದರೂ ನುಗ್ಗೆಸೊಪ್ಪು ತಿಂತಾರಾ? ವಿಷ ಅಲ್ಲವಾ!" ಆ ಹೆಂಗಸರಲ್ಲೊಬ್ಬಳಾದ ಸ್ಟೆಲ್ಲಾ ಮಲಯಾಳದಲ್ಲಿ ಹೇಳಿ ನಕ್ಕಳು. "ಉಳಿದ ಹನ್ನೊಂದು ತಿಂಗಳೂ ನೀವು ಕಲಿಸಿದ ಹಾಗೇ ತಿಂತೇವೆ. ಈಗ ಮಕ್ಕಳಿಗೆ ಹರಿವೆ ಕೊಡ್ತಿದ್ದೇವೆ."

ದಿನವನ್ನೂ ಅಡುಗೆಯನ್ನೂ ಗೊತ್ತುಮಾಡಿದ್ದು ಕೊಚ್ಚಿಯವರು. ಆಗಲೇ ತಕರಾರು ಬರೆಯಬಹುದಿತ್ತು. ಆದರೆ ಇನ್ನೊಂದು ಪತ್ರ ಬರೆಯುವಷ್ಟು ತ್ರಾಣ ಸೌದಾಮಿನಿಯಲ್ಲಿ ಉಳಿದಿರಲಿಲ್ಲ. "ಅವಳು ಹೇಳಿದ್ದನ್ನೇ ಬರೆಯಿರಿ ಸಾರ್," ಎಂದು ತಮ್ಮಿಬ್ಬರಿಗೇ ತಿಳಿಯುವ ಕನ್ನಡದಲ್ಲಿ ಬೇಡಿದಳು.

"ಎಂತ ಮಾಡುದು ಮೇಡಂ, ಅದಕ್ಕೆ ಕಾಲಂ ಇಲ್ಲ," ಎಂದರು ಕಾಸರಗೋಡಿನ ಗಣೇಶಪ್ರಸಾದ್. "ತಿಂದರೆ ಒಂದು, ಇಲ್ಲದಿದ್ದರೆ ಸೊನ್ನೆ. ನನಗೂ ಮೇಲೆ ಕೇಳುವವರಿದ್ದಾರೆ."

ಮಾತು ತಿಳಿಯದಿದ್ದರೂ ಸೊನ್ನೆ ಬರೆಯಲು ಬಾಗಿದ ಪೆನ್ನು ಸ್ಟೆಲ್ಲಾಗೆ ಕಂಡಿತು. ಎದ್ದು ಬಂದು, ಶಿಲುಬೆಯ ಗುರುತು ಮಾಡಿಕೊಂಡು, ಒಂದು ತುತ್ತು ನುಂಗಿದಳು. "ಸಾರೇ, ಒಂದು ಬರೀರಿ." ಅವಳ ಹಿಂದೆಯೇ ತುಂಬು ಗರ್ಭಿಣಿಯೊಬ್ಬಳು ಅಳುಕುತ್ತ ಬಂದು ನಿಂತಳು. ನಂಬಿಕೆಗೆ ವಿರುದ್ಧವಾಗಿ ಯಾರಿಗೂ ತಿನ್ನಿಸಬಾರದೆಂದು ಇಷ್ಟು ವರ್ಷ ಕಲಿಸಿದ್ದ ಸೌದಾಮಿನಿಗೆ, ಬೇಡ ಎಂಬ ಮಾತು ಬಾಯಿಯವರೆಗೂ ಬಂತು. ಆದರೆ ಗಣೇಶಪ್ರಸಾದರ ಪೆನ್ನು ಇನ್ನೂ ಕಾಯುತ್ತಿತ್ತು; ಅವಳು ತಟ್ಟೆಯನ್ನು ಆಕೆಯತ್ತ ಸರಿಸಿದಳು.