ಪಾದ ತೊಳೆಯುವ ಗುರುವಾರ

ಮೂಕಪ್ಪ ಓಡಿಹೋಗಲು ಎದ್ದ. ಉಪದೇಶಿ ತೋಳು ಹಿಡಿದು ಮತ್ತೆ ಬೆಂಚಿಗೆ ಕೂರಿಸಿದ.

"ಎಲ್ಲಿಗಪ್ಪಾ?"

"ಬಿಟ್ಟುಬಿಡ್ರಿ ಅಯ್ಯಾರ. ಇದು ನನ್ನ ಕೈಲೆ ಆಗಂಗಿಲ್ಲ."

"ಹಠ ಮಾಡಬ್ಯಾಡ. ಪೇತ್ರನೂ ಮೊದಲು ನಿನ್ನಂಗ ಒಲ್ಲೆ ಅಂದಿದ್ದ. ಆಮ್ಯಾಕ ಯೇಸುಸ್ವಾಮಿ ಮಾತಿಗೆ ತಲಿ ಬಗ್ಗಿಸಿದ."

ಈಸ್ಟರಿನ ಹಿಂದಿನ ಗುರುವಾರ, ಇಳಿಹೊತ್ತು. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಅಂದು ಆ ಕೇರಿಯ ದೇವಾಲಯದಲ್ಲಿ ಒಬ್ಬರು ಇನ್ನೊಬ್ಬರ ಪಾದ ತೊಳೆಯಬೇಕು. ಯಾರ ಜೊತೆ ಯಾರು ಎಂಬುದನ್ನು ಆದೋನಿಯಿಂದ ಬಂದ ಪಾದ್ರಿ ದೊರೆಯೇ ಗೊತ್ತುಮಾಡಿದ್ದರು. ಕೊನೆಯ ಜೋಡಿ ಮೂಕಪ್ಪ ಮತ್ತು ಸೋಮಶೇಖರಪ್ಪ.

ಸೋಮಶೇಖರಪ್ಪ ಊರಿನ ಸಾಹುಕಾರ. ಹೋದ ಬೇಸಿಗೆಯಲ್ಲಿ, ಮೇಲಿನ ಬಾವಿಯಲ್ಲಿ ನೀರು ಸೇದಿದನೆಂದು ಮೂಕಪ್ಪನ ಬೆನ್ನ ಮೇಲೆ ಬಾರುಕೋಲು ಮುರಿದವನು. ಕ್ರಿಸ್‌ಮಸ್‌ಗೆ ದೀಕ್ಷಾಸ್ನಾನ ತೆಗೆದುಕೊಂಡು ಈಗ ಇವರದೇ ಸಭೆಯಲ್ಲಿ ಕೂರುತ್ತಿದ್ದ. ಅವನ ಮನೆಯವರು ಯಾರೂ ಬಂದಿರಲಿಲ್ಲ.

"ನಿಮ್ಮನ್ನು ತಗ್ಗಿಸಿಕೊಳ್ಳಿರಿ," ಎಂದರು ದೊರೆ, ಪುಸ್ತಕದ ಕನ್ನಡದಲ್ಲಿ.

ಹೇಳುವುದು ಸುಲಭ. ತಗ್ಗಿನಲ್ಲೇ ಹುಟ್ಟಿದವನು ಇನ್ನೆಲ್ಲಿಗೆ ತಗ್ಗಬೇಕು? ಈ ಪ್ರಶ್ನೆಯನ್ನು ದೊರೆಗೆ ಯಾರೂ ಕೇಳಲಿಲ್ಲ.

ಮೂಕಪ್ಪನ ಕೂಲಿ ಸೋಮಶೇಖರಪ್ಪನ ಹತ್ತಿ ಹೊಲದಲ್ಲಿ. ಗುಡಿಸಲು ಸೋಮಶೇಖರಪ್ಪನ ತಮ್ಮ ಹಾಲಸ್ವಾಮಿಯ ಜಾಗದಲ್ಲಿ. ಅಣ್ಣ ಮುನಿದರೆ ಹೊಟ್ಟೆ ಹೋಗುತ್ತದೆ. ತಮ್ಮ ಮುನಿದರೆ ತಲೆಯ ಮೇಲಿನ ಸೂರು.

ಹಾಲಸ್ವಾಮಿ ಒಳಗೆ ಬಂದಿರಲಿಲ್ಲ. ಮೈಲಿಗೆಯಾದೀತೆಂದು ಕಿಟಕಿಯ ಹೊರಗೇ ನಿಂತಿದ್ದ.

"ಲೇ ಮೂಕಾ, ನಮ್ಮಣ್ಣನ ಮರ್ಯಾದಿ ಈಗ ನಿನ್ನ ಕೈಯಾಗೈತಿ. ಅದು ಹೋತೋ, ಸಂಜಿಗೆ ನಿನ್ನ ಗುಡಿಸಲು ಇರಂಗಿಲ್ಲ."

ಹೆಂಗಸರ ಚಾಪೆಯಿಂದ ಹೆಂಡತಿ ಗಾದಿಲಿಂಗಮ್ಮ ಪಿಸುಗುಟ್ಟಿದಳು: "ಮೂರು ಮಕ್ಕಳದಾವ. ನೆನಪಿರ್ಲಿ."

ಮುದುಕಿ ಉರುಕುಂದಮ್ಮನಿಗೆ ಇದಾವುದೂ ಕೇಳಿಸಲಿಲ್ಲ. "ಯಾಕೋ ಮೂಕಪ್ಪಾ, ಮದುವಿ ಹುಡುಗಿಯಂಗ ನಾಚ್ತೀಯಲ್ಲೋ! ಲಗೂನ ಮುಗಿಸ್ರಿ, ರೊಟ್ಟಿ ಬಡಿಯೋದೈತಿ ನಂಗ," ಎಂದಳು. ನಾಲ್ಕು ಜನ ನಕ್ಕರು.

ಮೂಕಪ್ಪ ನಗಲಿಲ್ಲ. ದೊರೆಯ ಕಡೆ ಕೈಮುಗಿದ. "ದೊರೀ, ಇವತ್ತೊಂದಿನ ಬ್ಯಾರೆಯವ್ರನ್ನ ಹಚ್ಚ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಇದೇ ಗರ್ವ, ಮೂಕಪ್ಪ," ಎಂದರು ದೊರೆ, ಮೆಲ್ಲಗೆ. "ಇದನ್ನೇ ಬಿಡಬೇಕು."

ಗರ್ವ! ಅವನಿಗೆ ಅಳು ಬಂತು. ಸೋಮಶೇಖರಪ್ಪನ ಮುಖ ನೋಡಿದ. ಅದು ಕೆಂಪೇರಿತ್ತು. ಇಷ್ಟು ಜನರೆದುರು ಅವನನ್ನು ಕಾಯಿಸುವುದೆಂದರೆ ನಾಳೆಯ ಕೂಲಿಗೆ ಕಲ್ಲು ಹಾಕಿಕೊಂಡಂತೆ.

ಹಿತ್ತಾಳೆ ಬೋಗುಣಿ ಬಂತು. ಟವೆಲು ಬಂತು. ಹಾಡು ಶುರುವಾಯಿತು.

ಮೂಕಪ್ಪ ಕಣ್ಣು ಮುಚ್ಚಿದ. ನೀರು ತಣ್ಣಗಿತ್ತು.

ಹಾಡಿನ ನಡುವೆ ಕಿಟಕಿಯ ಹೊರಗೆ ಯಾರೋ ಥೂ ಎಂದು ಉಗಿದ ಸದ್ದಾಯಿತು. ಕಣ್ಣು ಬಿಟ್ಟು ನೋಡಿದರೆ ಹಾಲಸ್ವಾಮಿ ಅಲ್ಲಿರಲಿಲ್ಲ. ಅವನ ಮೆಟ್ಟಿನ ಸಪ್ಪಳ ಗುಡಿಸಲಿನ ದಿಕ್ಕಿಗೆ ಹೋಗುತ್ತಿತ್ತು. ಗಾದಿಲಿಂಗಮ್ಮ ಮಕ್ಕಳನ್ನು ಎಳೆದುಕೊಂಡು ಅವನ ಹಿಂದೆ ಓಡಿದಳು. ಮೂಕಪ್ಪನೂ ಏಳಲು ನೋಡಿದ. ಆಗಲಿಲ್ಲ.

"ಕಾಲು ಎಳಕೋಬ್ಯಾಡೋ ಮೂಕಪ್ಪಾ," ಎಂದ ಸಾಹುಕಾರ ಸೋಮಶೇಖರಪ್ಪ, ನೆಲದ ಮೇಲೆ ಮೊಣಕಾಲೂರಿ, ತನ್ನ ಆಳಿನ ಬಿರಿದ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, "ನನ್ನ ಪುಣ್ಯಕ್ಕ ಅಡ್ಡ ಬರಬ್ಯಾಡ."