ಕುಬಸದ ದಿನದ ಉರಿ

ತಣ್ಣನೆಯ ಹಿತ್ತಾಳೆ ಕೊಡ ಮುಟ್ಟಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಗರ್ಭಕೋಶ ತೆಗೆಸಿಕೊಂಡ ಮೇಲೆ ಅವ್ವ ಹಾರ್ಮೋನ್ ಗುಳಿಗೆ ನುಂಗುತ್ತಿದ್ದಳು. ಎದೆಯಲ್ಲಿ ಗಂಟು ಸಿಕ್ಕಿತೆಂದು ಡಾಕ್ಟರು ಆ ಗುಳಿಗೆ ನಿಲ್ಲಿಸಿದರು; ಅವತ್ತಿನಿಂದ ಅವಳಿಗೆ ಆಗಾಗ ಮೈಯೆಲ್ಲ ಉರಿ ಏಳುತ್ತಿತ್ತು. ಅದಾದ ಮೇಲೆ ರಾಜೂರಿನ ಮನೆಯಲ್ಲಿ ಬಸುರಿ ಕಾಕಿಯ ಕುಬಸ. ಹಸಿರು ಬಳೆ ತೊಡಿಸುತ್ತಿದ್ದಂತೆ ಅವ್ವನ ಮುಖ ಕೆಂಪೇರಿ, ಕುಪ್ಪಸ ಬೆವರಿಗೆ ತೊಯ್ದಿತು. ಅಡುಗೆಮನೆಗೆ ಓಡಿ ನೀರಿನ ಕೊಡಕ್ಕೆ ಕೆನ್ನೆ ಒತ್ತಿ ನಿಂತಳು.

"ಉರಿ ಎದ್ದೈತ್ರಿ ಅತ್ತಿ, ತಡಕೊಳ್ಳಾಕ ಆಗವಲ್ತು," ಅಂದಳು.

ಅಜ್ಜಿ ಪಡಸಾಲೆಗೆ ಹೋಗಿ ಎಲ್ಲರಿಗೂ ಕೇಳುವಂತೆ, "ಅಕೀಗಿ ಹೊಟ್ಟಿ ಉರ್ಯಾಕತ್ತೈತಿ, ನೆಗೆಣ್ಣಿ ಬಸುರ ನೋಡಿ," ಅಂದಳು. ಹೆಂಗಸರು ನಕ್ಕರು.

ಅವ್ವ ಕೊಡ ಎತ್ತಿಕೊಂಡು ಬಂದು ಅವರ ನಡುವೆಯೇ ತಲೆಯ ಮೇಲೆ ಸುರಿದುಕೊಂಡಳು. "ಹೊಟ್ಟಿ ಅಲ್ರಿ, ಮೈ!"

ಅಜ್ಜಿ ನನ್ನತ್ತ ಅರಿವೆ ಎಸೆದಳು. "ನೆಲಾ ಒರಸ."

ನಾನು ಅವ್ವನ ತಲೆ ಒರೆಸಿದೆ.